ಹೊಸ ಕಾಂಕ್ರೀಟ್ ರಸ್ತೆ, ಮನೆಯೊಳಗೆ ನೀರು: ನಿಮ್ಮ ಬೀದಿಯಲ್ಲಿ ಕೆಲಸ ಶುರುವಾಗುವ ಮೊದಲು ಇದನ್ನು ಓದಿ

ಬೆಂಗಳೂರಿನ ನಮ್ಮ ಬಡಾವಣೆಯ ಒಂದು ಅಡ್ಡರಸ್ತೆಗೆ ವೈಟ್ ಟಾಪಿಂಗ್, ಅಂದರೆ ಡಾಂಬರು ರಸ್ತೆ ಮೇಲೆ ಕಾಂಕ್ರೀಟ್ ಪದರ ಹಾಕುವ ಕೆಲಸ, ಆಯಿತು. ಎರಡೂ ಬದಿಗೆ ಹೊಸ ಮಳೆನೀರು ಚರಂಡಿ, ಮೇಲೆ ಸ್ಲ್ಯಾಬ್, ನೋಡೋಕೆ ಚೆನ್ನಾಗೇ ಇದೆ. ಆದರೆ ಮೊದಲ ಜೋರು ಮಳೆಗೇ ತಗ್ಗಿನ ಕಡೆಯ ಮನೆಗಳ ಗೇಟಿನೊಳಗೆ ನೀರು ನುಗ್ಗಿತು. ಚರಂಡಿ ಮಾತ್ರ ಅರ್ಧವೂ ತುಂಬಿರಲಿಲ್ಲ. ಹಳೇ ಡಾಂಬರು ರಸ್ತೆ ಇದ್ದಾಗ ಈ ಮನೆಗಳಿಗೆ ಇಂಥ ಕಾಟ ಇರಲಿಲ್ಲ.

ಮೊದಲ ತಪ್ಪು ಮಟ್ಟದ್ದು. ಹಳೇ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೇ ಕಾಂಕ್ರೀಟ್ ಹಾಕಿದರು. ವೈಟ್ ಟಾಪಿಂಗ್ ದಪ್ಪ ಸಾಮಾನ್ಯವಾಗಿ 150ರಿಂದ 200 ಮಿ.ಮೀ. ರಸ್ತೆ ಅರ್ಧ ಅಡಿಗೂ ಹೆಚ್ಚು ಏರಿತು, ಅಂಗಳ ಇದ್ದಲ್ಲೇ ಉಳಿಯಿತು. 9 ಮೀಟರ್ ಅಗಲ, 200 ಮೀಟರ್ ಉದ್ದದ ರಸ್ತೆ ಮೇಲೆ 50 ಮಿ.ಮೀ. ಮಳೆ ಸುರಿದರೆ 90,000 ಲೀಟರ್ ನೀರು, ಅಂದರೆ 6,000 ಲೀಟರಿನ 15 ಟ್ಯಾಂಕರ್. ಚಾವಣಿಗಳ ನೀರು ಬೇರೆ. ಇಷ್ಟು ನೀರು ತಗ್ಗು ಹುಡುಕಿಕೊಂಡು ಹೋಗುತ್ತದೆ, ಈಗ ತಗ್ಗಿರುವುದು ನಿಮ್ಮ ಅಂಗಳ.

ಹಾಗಾದರೆ ಚರಂಡಿ ಯಾಕೆ ಖಾಲಿ? ನೀರು ಒಳಗೆ ಹೋಗಲು ದಾರಿಯೇ ಇರಲಿಲ್ಲ. ರಸ್ತೆ ಅಂಚಿನ ಕರ್ಬ್ ಕಲ್ಲಿನಲ್ಲಿ ಅಲ್ಲೊಂದು ಇಲ್ಲೊಂದು ಎರಡಿಂಚಿನ ಪಿವಿಸಿ ಪೈಪಿನ ತುಂಡು ಇಟ್ಟಿದ್ದರು. ನಾಲ್ಕು ಹೊಂಗೆ ಎಲೆ, ಒಂದು ಹಾಲಿನ ಕವರ್ ಸಾಕು, ಮುಚ್ಚಿಹೋಗುತ್ತದೆ. ಒಂದಡಿ ಅಗಲದ ಬಾಯಿ ಅಥವಾ ರಸ್ತೆ ಮಟ್ಟಕ್ಕಿಂತ ತುಸು ಕೆಳಗೆ ಕೂರಿಸಿದ ಕಬ್ಬಿಣದ ಜಾಲರಿ ಬೇಕು. ಅತಿ ತಗ್ಗಿನ ಜಾಗದಲ್ಲಂತೂ ಎರಡೂ ಬದಿಗೆ ಇರಲೇಬೇಕು. (ಬಾಯಿ ಬಿಟ್ಟರೂ ಆಮೇಲೆ ಕಾರು ಹತ್ತಿಸಲು ಸಿಮೆಂಟ್ ರ‍್ಯಾಂಪ್ ಹಾಕಿ ಅದನ್ನು ಮುಚ್ಚುವವರು ನಾವೇ. ಇದನ್ನೂ ಗುತ್ತಿಗೆದಾರನ ತಲೆಗೆ ಕಟ್ಟುವ ಹಾಗಿಲ್ಲ.)

ಇನ್ನೊಂದು, ಚರಂಡಿ ತಳದ ಇಳಿಜಾರು. 200ಕ್ಕೆ 1 ಅಂದರೆ 20 ಮೀಟರಿಗೆ 100 ಮಿ.ಮೀ. ಇಳಿಯಬೇಕು. ಕೆಲಸವನ್ನು ನೀರು ಹೊರಹೋಗುವ ಕಡೆಯಿಂದ, ಅಂದರೆ ರಾಜಕಾಲುವೆ ಅಥವಾ ಅಡ್ಡಮೋರಿಯ ತಳದ ಮಟ್ಟ ಹಿಡಿದು, ಮೇಲ್ಮುಖವಾಗಿ ತರಬೇಕು. ಇಲ್ಲಿ ಜಾಗ ಸಿಕ್ಕಲ್ಲಿ ಅಗೆದು ತುಂಡು ತುಂಡಾಗಿ ಕಟ್ಟಿದರು. ವಿದ್ಯುತ್ ಕಂಬ ಅಡ್ಡ ಬಂದಲ್ಲಿ ಹಾಗೇ ಬಿಟ್ಟು ಮುಂದೆ ಹೋದರು. ಕೊನೆಗೆ ಹೊಸ ಚರಂಡಿಯ ತಳ ಹಳೇ ಅಡ್ಡಮೋರಿಯ ತಳಕ್ಕಿಂತ ಕೆಳಗಾಯಿತು. ಅಲ್ಲಿ ನೀರು ನಿಲ್ಲುತ್ತದೆ, ಹೂಳು ಕೂರುತ್ತದೆ, ಸೊಳ್ಳೆ ಬೇರೆ.

ಸ್ಲ್ಯಾಬ್ ಮುಚ್ಚುವ ಮೊದಲು ಟಾರ್ಚ್ ಹಾಕಿ ಒಳಗೆ ನೋಡಿ. ಸೆಂಟ್ರಿಂಗ್ ಹಲಗೆ, ಸಿಮೆಂಟ್ ಚೀಲ, ತಳದಲ್ಲಿ ಗಟ್ಟಿಯಾದ ಕಾಂಕ್ರೀಟ್ ಮುದ್ದೆ ಎಲ್ಲ ಅಲ್ಲೇ ಇರುತ್ತವೆ. ನಲ್ಲಿ ನೀರಿನ ಪೈಪ್ ಚರಂಡಿ ನಡುವೆ ಅಡ್ಡ ಹಾದಿದ್ದರೆ ಕಸವೆಲ್ಲ ಅದಕ್ಕೇ ಸಿಕ್ಕಿಕೊಳ್ಳುತ್ತದೆ, ಅದನ್ನು ಆಗಲೇ ಎತ್ತಿಸಿ. ಅಗೆಯುವಾಗ ಮನೆಯ ಯುಜಿಡಿ (ನೆಲದಡಿಯ ಒಳಚರಂಡಿ) ಪೈಪ್ ಒಡೆದರೆ ಸದ್ದಿಲ್ಲದೆ ಮಳೆನೀರು ಚರಂಡಿಗೇ ತಿರುಗಿಸಿಬಿಡುತ್ತಾರೆ. ಬಚ್ಚಲಲ್ಲಿ ಒಂದು ಬಕೆಟ್ ಅರಿಶಿನದ ನೀರು ಸುರಿದು ಎಲ್ಲಿ ಬರುತ್ತದೆ ನೋಡಿ. ರಸ್ತೆಯ ಮ್ಯಾನ್‌ಹೋಲ್ ಎತ್ತರಿಸಿದ ಮೇಲೆ ನಿಮ್ಮ ಚೇಂಬರ್ ಅದಕ್ಕಿಂತ ತಗ್ಗಾಗಿದ್ದರೆ, ಯುಜಿಡಿ ಕಟ್ಟಿಕೊಂಡ ದಿನ ಕೊಳಚೆ ನೆಲಮಹಡಿಯ ಬಚ್ಚಲಲ್ಲಿ ಉಕ್ಕುತ್ತದೆ. ಕೊಳಚೆ ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸಿ. ಆಗಾಗ ತೆರೆದು ತೊಳೆಯದಿದ್ದರೆ ಬಟ್ಟೆಚೂರು, ಕೂದಲು ಸಿಕ್ಕಿ ಅದೂ ಮುಚ್ಚಿಕೊಳ್ಳುವುದಿಲ್ಲ.

ಕೆಲಸದ ಬೋರ್ಡ್ ಬಿದ್ದ ದಿನವೇ ಮೇಸ್ತ್ರಿಯನ್ನು ಕರೆದು ನೀರು ತುಂಬಿದ ಟ್ಯೂಬ್ ಹಿಡಿಸಿ, ಈಗಿನ ರಸ್ತೆಗಿಂತ ನಿಮ್ಮ ಗೇಟು, ಅಂಗಳ, ಮನೆಯ ನೆಲ ಎಷ್ಟು ಎತ್ತರ ಅಂತ ಅಳೆಸಿ. ಕಾಂಪೌಂಡ್ ಗೋಡೆಗೆ ಬಣ್ಣದ ಗೆರೆ ಎಳೆದು, ಟೇಪ್ ಇಟ್ಟು ಫೋಟೋ ತೆಗೆಯಿರಿ. ರಸ್ತೆಯ ಮುಗಿದ ಮಟ್ಟ ಎಷ್ಟು, ಚರಂಡಿ ತಳದ ಮಟ್ಟ ಎಷ್ಟು, ಡಾಂಬರು ಕೆರೆಯುತ್ತೀರಾ, ಈ ಮೂರನ್ನು ಎಂಜಿನಿಯರ್‌ಗೆ ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಆರ್‌ಟಿಐ ಹಾಕಿ, ಬೇಡ ಅನ್ನುವುದಿಲ್ಲ, ಆದರೆ ಉತ್ತರಕ್ಕೆ 30 ದಿನ ಕಾಲಾವಕಾಶವಿದೆ. ಅಷ್ಟರಲ್ಲಿ ಕಾಂಕ್ರೀಟ್ ಬಿದ್ದು ಒಣಗಿರುತ್ತದೆ.

ಸ್ಲ್ಯಾಬ್ ಹಾಕುವ ಮೊದಲು ಮೇಲಿನ ತುದಿಯಿಂದ ಟ್ಯಾಂಕರ್ ನೀರು ಬಿಡಿಸಿ, ಎಲ್ಲಿ ನಿಲ್ಲುತ್ತದೆ ನೋಡಿ. ಹೊಸ ಕಾಂಕ್ರೀಟಿಗೆ ನೀರುಣಿಸಿ ಕ್ಯೂರಿಂಗ್ ಮಾಡುವಾಗಲೂ ಹೆಚ್ಚಾದ ನೀರು ಯಾವ ಕಡೆ ಹರಿಯುತ್ತದೆ ಗಮನಿಸಿ. ಕಾಂಕ್ರೀಟ್ ಬದಲಾಯಿಸಲು ಆಗ ತಡವಾಗಿರುತ್ತದೆ, ಕರ್ಬಿನ ಬಾಯಿ ಕೊರೆಸಲು ಇನ್ನೂ ಹೊತ್ತಿರುತ್ತದೆ. ದೂರು ಕೊಡುವುದಿದ್ದರೆ ಗುತ್ತಿಗೆದಾರನ ಕೊನೆಯ ಬಿಲ್ ಪಾಸಾಗುವ ಮೊದಲೇ ಕೊಡಿ.

ಈಗಾಗಲೇ ಸಿಕ್ಕಿಬಿದ್ದವರು ಗೇಟಿನ ಹೊಸ್ತಿಲು ಎತ್ತರಿಸಿದರೆ ನೀರು ಪಕ್ಕದ ಮನೆಗೆ ಹೋಗುತ್ತದೆ, ಅಷ್ಟೇ. ಗೇಟಿನ ಅಡ್ಡಕ್ಕೆ ಜಾಲರಿ ಮುಚ್ಚಿದ ಕಾಲುವೆ ಮಾಡಿಸಬಹುದು. ಆದರೆ ಅದರ ತಳ ಚರಂಡಿಯಲ್ಲಿ ಮಳೆಗಾಲದ ನೀರು ಏರುವ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲದಿದ್ದರೆ ಚರಂಡಿ ನೀರು ಅದೇ ದಾರಿಯಲ್ಲಿ ವಾಪಸ್ ಒಳಗೆ ಬರುತ್ತದೆ. ಅಷ್ಟು ಎತ್ತರ ಸಿಗದಿದ್ದರೆ ಸಂಪು ತೋಡಿಸಿ ಮೋಟಾರ್ ಇಡಿಸುವುದೊಂದೇ ಉಳಿಯುತ್ತದೆ. ಜೋರು ಮಳೆಯಲ್ಲಿ ಕರೆಂಟ್ ಹೋಗುತ್ತದೆ, ಮೋಟಾರನ್ನು ಇನ್ವರ್ಟರ್‌ಗೆ ಸೇರಿಸಿ.