ಗಿನಿಪಿಗ್ ಪಂಜರಕ್ಕೆ ಒಗೆದು ಬಳಸುವ ಫ್ಲೀಸ್ ಹಾಸು: ವಾಸನೆಯ ವಿಷಯದಲ್ಲಿ ಎಷ್ಟು ನಂಬಬಹುದು?

ಒಗೆದು ಮತ್ತೆ ಮತ್ತೆ ಬಳಸಬಹುದಾದ ಫ್ಲೀಸ್ (ಉಣ್ಣೆಯಂತೆ ಮೆತ್ತಗಿರುವ ಪಾಲಿಯೆಸ್ಟರ್ ಬಟ್ಟೆ) ಹಾಸನ್ನು ಮಾರುವವರು ಪೊಟ್ಟಣದ ಮೇಲೆ ಸಾಮಾನ್ಯವಾಗಿ ಎರಡು ಭರವಸೆಗಳನ್ನು ಮುದ್ರಿಸಿರುತ್ತಾರೆ: ವಾಸನೆ ಬರುವುದಿಲ್ಲ, ವಾರಕ್ಕೊಮ್ಮೆ ಬದಲಿಸಿದರೆ ಸಾಕು. ಇವುಗಳಲ್ಲಿ ಮೊದಲನೆಯದು ಅರ್ಧ ನಿಜ. ಎರಡನೆಯದು ಪಂಜರದ ವಿಸ್ತಾರ, ಅದರಲ್ಲಿರುವ ಪ್ರಾಣಿಗಳ ಸಂಖ್ಯೆ ಮತ್ತು ಸಾಕುವವರು ದಿನಕ್ಕೆ ಎಷ್ಟು ಸಲ ಪೊರಕೆ ಹಿಡಿಯುತ್ತಾರೆ ಎಂಬುದನ್ನು ಅವಲಂಬಿಸಿದೆ. ಕಾಗದದ ಹಾಸು, ಮರದ ಪೆಲೆಟ್ (ಮರದ ಹೊಟ್ಟನ್ನು ಒತ್ತಿ ಮಾಡಿದ ಗಟ್ಟಿ ಗುಳಿಗೆ), ಫ್ಲೀಸ್ ಈ ಮೂರನ್ನೂ ಜೋಡಿ ಗಿನಿಪಿಗ್‌ಗಳ ಪಂಜರದಲ್ಲಿ ಬಳಸಿ ನೋಡಿದ ಮೇಲೆ ನಾನು ಫ್ಲೀಸನ್ನೇ ಉಳಿಸಿಕೊಂಡಿದ್ದೇನೆ, ಆದರೆ ಪೊಟ್ಟಣದಲ್ಲಿ ಹೇಳಿದ ಕಾರಣಗಳಿಗಾಗಿ ಅಲ್ಲ. ಮೂಟೆಗಟ್ಟಲೆ ಕಸ ಹೊರಹಾಕುವುದು ತಪ್ಪುತ್ತದೆ, ಅದರ ಜಾಗದಲ್ಲಿ ಗುಡಿಸುವ ಮತ್ತು ಒಗೆಯುವ ಕೆಲಸ ಬಂದು ಕೂರುತ್ತದೆ. ಇದಕ್ಕೆ ಒಪ್ಪುವವರಿಗೆ ಮಾತ್ರ ಇದು ತಕ್ಕ ಸಾಮಾನು.

ಹಾಸಿನ ಗುಣದೋಷ ಅಳೆಯುವ ಮೊದಲು ವಾಸನೆ ಹುಟ್ಟುವುದು ಎಲ್ಲಿ ಎಂಬುದನ್ನು ನೋಡಬೇಕಾಗುತ್ತದೆ. ಗಿನಿಪಿಗ್ ತನ್ನ ಮೈಯನ್ನು ಚೊಕ್ಕಟವಾಗಿ ಇಟ್ಟುಕೊಳ್ಳುವ ಪ್ರಾಣಿ. ಅದರ ಗಟ್ಟಿ ಹಿಕ್ಕೆಗಳು ಒಣಗಿರುವವರೆಗೆ ಹೆಚ್ಚು ನಾರುವುದಿಲ್ಲ, ತಾಜಾ ಮೂತ್ರಕ್ಕೂ ಅಂಥ ಘಾಟು ಇರುವುದಿಲ್ಲ. ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯಾ ಮಾಡಿದಾಗಲೇ ಮೂಗಿಗೆ ಚುಚ್ಚುವ ಆ ಘಾಟು ಏಳುತ್ತದೆ, ಮತ್ತು ಆ ಕ್ರಿಯೆಗೆ ಬೇಕಾದದ್ದು ತೇವ, ಬೆಚ್ಚಗಿನ ಹವೆ ಮತ್ತು ಸಮಯ. ಆದ್ದರಿಂದ ಯಾವ ಹಾಸನ್ನೇ ಆಗಲಿ, ಒದ್ದೆಯನ್ನು ಪ್ರಾಣಿಯ ಕಾಲಡಿಯಿಂದ ಅದು ಎಷ್ಟು ಬೇಗ ಕೆಳಗಿಳಿಸುತ್ತದೆ ಮತ್ತು ಆ ಒದ್ದೆಯನ್ನು ಪಂಜರದಿಂದ ತೆಗೆದುಹಾಕುವುದು ನಮಗೆ ಎಷ್ಟು ಸುಲಭ ಎಂಬ ಎರಡು ಪ್ರಶ್ನೆಗಳಿಂದಲೇ ಪರೀಕ್ಷಿಸಬೇಕು. ಇದು ಕೇವಲ ಮನೆಯವರ ಮೂಗಿನ ಪ್ರಶ್ನೆಯೂ ಅಲ್ಲ. ಅಮೋನಿಯಾ ಕಣ್ಣು ಮತ್ತು ಉಸಿರಾಟದ ನಾಳದ ಒಳಪದರವನ್ನು ಕೆರಳಿಸುತ್ತದೆ, ಉಸಿರಾಟದ ಸೋಂಕುಗಳಿಗೆ ಸುಲಭವಾಗಿ ತುತ್ತಾಗುವ ಈ ಪ್ರಾಣಿಗೆ ಅದು ಚಿಕ್ಕ ಅಪಾಯವಲ್ಲ. ಒದ್ದೆ ನೆಲದ ಮೇಲೆಯೇ ನಿಂತಿದ್ದರೆ ಅಂಗಾಲು ಕೆಂಪೇರಿ ಹುಣ್ಣಾಗುವ ಪೋಡೋಡರ್ಮಟೈಟಿಸ್ ಎಂಬ ತೊಂದರೆಯೂ ಬರುತ್ತದೆ. ನಿಂತುಕೊಂಡು ಮೂಸಿ ನೋಡಿದರೆ ಏನೂ ತಿಳಿಯುವುದಿಲ್ಲ, ನಮ್ಮ ಮೂಗು ಮನೆಯ ವಾಸನೆಗೆ ಬೇಗ ಒಗ್ಗಿಹೋಗಿರುತ್ತದೆ. ಹೊರಗಿನಿಂದ ಬಂದ ಕೂಡಲೇ ಮಂಡಿಯೂರಿ, ಪ್ರಾಣಿಯ ಮೂಗಿನ ಮಟ್ಟಕ್ಕೆ ಬಗ್ಗಿ ಉಸಿರೆಳೆದುಕೊಳ್ಳಬೇಕು.

ಈಗ ಸಾಮಾನಿನ ವಿಷಯ. ಒಳ್ಳೆಯ ಫ್ಲೀಸ್ ಹಾಸಿನಲ್ಲಿ ಮೂರು ಪದರಗಳಿರುತ್ತವೆ: ಮೇಲೆ ಪಾಲಿಯೆಸ್ಟರ್ ಫ್ಲೀಸ್, ನಡುವೆ ನೀರು ಹೀರುವ ದಪ್ಪ ಬಟ್ಟೆ, ಕೆಳಗೆ ನೀರು ಸೋರದ ಪದರ. ಪಾಲಿಯೆಸ್ಟರ್ ನೂಲು ತಾನು ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಎಳೆಗಳ ಸಂದಿಯಿಂದ ಮೂತ್ರವನ್ನು ಕೆಳಗಿನ ಪದರಕ್ಕೆ ಬಿಟ್ಟು ತಾನು ಒಣಗಿ ಉಳಿಯುತ್ತದೆ ಎಂಬುದೇ ಇದರ ಹಿಂದಿರುವ ಯುಕ್ತಿ. ಆದರೆ ಕಾರ್ಖಾನೆಯಿಂದ ಬಂದ ಹೊಸ ಫ್ಲೀಸಿನ ಮೇಲೆ ನೀರನ್ನು ತಡೆಯುವ ಲೇಪ ಇರುವುದು ಸಾಮಾನ್ಯ. ಒಂದು ಚಮಚ ನೀರನ್ನು ಅದರ ಮೇಲೆ ಸುರಿದು ನೋಡಿ: ಹನಿಗಳು ಕೆಸುವಿನ ಎಲೆಯ ಮೇಲಿನ ನೀರಿನಂತೆ ಉರುಳಾಡುತ್ತ ನಿಲ್ಲುತ್ತವೆ. ಸಾಬೂನಿನ ಪುಡಿ ಹಾಕಿ ಹಲವು ಸಲ ಒಗೆದ ಮೇಲೆ ಅದೇ ಚಮಚ ನೀರು ಕ್ಷಣ ಹೊತ್ತು ನಿಂತು, ಅಂಚು ಕುಸಿದು, ಒಳಗಿಳಿಯುತ್ತದೆ. ಆ ಜಾಗಕ್ಕೆ ಒಣ ಟಿಶ್ಯೂ ಒತ್ತಿದರೆ ಅದಕ್ಕೆ ಪಸೆ ಅಷ್ಟಾಗಿ ತಾಗುವುದಿಲ್ಲ. ಈ ಪರೀಕ್ಷೆಯಲ್ಲಿ ಗೆಲ್ಲದ ಹಾಸನ್ನು ಪಂಜರಕ್ಕೆ ಹಾಕಲೇಬಾರದು. ನಾನು ಕೊಂಡವುಗಳಲ್ಲಿ ಒಂದು ತಯಾರಕರ ಕರಪತ್ರ, ಹಾಸು ಪೊಟ್ಟಣದಿಂದ ತೆಗೆದ ಕೂಡಲೇ ಬಳಕೆಗೆ ಸಿದ್ಧ ಎಂದು ಸಾರುತ್ತಿತ್ತು. ಚಮಚದ ನೀರು ಅದರ ಮೇಲೆ ಅಲುಗದೆ ಕೂತಿತ್ತು. ಅದನ್ನು ನಂಬಿ ಹಾಸಿದ್ದರೆ ಪ್ರಾಣಿಗಳ ಹೊಟ್ಟೆಯ ಕೂದಲು ಬೆಳಗಾಗುವುದರೊಳಗೆ ತೊಯ್ದಿರುತ್ತಿತ್ತು. ಫ್ಯಾಬ್ರಿಕ್ ಸಾಫ್ಟ್‌ನರ್ ಬಳಸಬಾರದು ಎಂಬ ಎಚ್ಚರಿಕೆಯೂ ಇದೇ ಕಾರಣಕ್ಕೆ: ಅದು ಎಳೆಗಳಿಗೆ ಜಿಡ್ಡಿನ ಪದರ ಹಚ್ಚಿ, ಕಷ್ಟಪಟ್ಟು ತೆರೆದ ದಾರಿಯನ್ನು ಮತ್ತೆ ಮುಚ್ಚುತ್ತದೆ.

ಬಳಕೆಯಲ್ಲಿ ಫ್ಲೀಸಿನ ದೊಡ್ಡ ಲಾಭ ಪ್ರಾಣಿಯ ಕಾಲಿಗೆ. ನೆಲ ಮೆತ್ತಗಿರುತ್ತದೆ, ಧೂಳು ಏಳುವುದಿಲ್ಲ, ಕೊಳೆಯಾದ ಜಾಗ ಕಣ್ಣಿಗೆ ಬೀಳುತ್ತದೆ. ದೊಡ್ಡ ತೊಂದರೆಯೂ ಅದೇ: ಎಲ್ಲವೂ ಕಣ್ಣಿಗೆ ಬೀಳುತ್ತದೆ. ಒಂದು ಗಿನಿಪಿಗ್ ದಿನಕ್ಕೆ ನೂರಕ್ಕೂ ಹೆಚ್ಚು ಹಿಕ್ಕೆ ಹಾಕುತ್ತದೆ. ಮೃದುವಾದ ಇನ್ನೊಂದು ಬಗೆಯ ಹಿಕ್ಕೆಯನ್ನು ಅದು ನೇರವಾಗಿ ಬಾಯಿಗೇ ತೆಗೆದುಕೊಂಡು ತಿನ್ನುತ್ತದೆ, ಅದು ಪೋಷಣೆಗೆ ಬೇಕಾದ ಸಹಜ ಕ್ರಿಯೆ, ಗಾಬರಿಯಾಗಬೇಕಿಲ್ಲ. ಸಡಿಲ ಹಾಸಿನಲ್ಲಿ ಗಟ್ಟಿ ಹಿಕ್ಕೆಗಳು ಕೆಳಗೆ ಸರಿದು ಮರೆಯಾಗುತ್ತವೆ. ಫ್ಲೀಸಿನ ಮೇಲೆ ಎಲ್ಲವೂ ಹಾಗೇ ಬಿದ್ದಿರುತ್ತವೆ, ಮೂತ್ರ ಬಿದ್ದ ಕಡೆ ತುಳಿತಕ್ಕೆ ಸಿಕ್ಕಿ ಮೆತ್ತಿಕೊಳ್ಳುತ್ತವೆ, ಮತ್ತು ಆಗ ನಾರಲು ತೊಡಗುತ್ತವೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೈಬ್ರಷ್ ಮತ್ತು ಚಿಕ್ಕ ಮೊರ ಹಿಡಿದು ಗುಡಿಸುವುದು ಇಲ್ಲಿ ಕಡ್ಡಾಯ. ಇದಕ್ಕೆ ಮೆದು ಕೂದಲಿನ ಬ್ರಷ್‌ಗಿಂತ ರಬ್ಬರ್ ಹಲ್ಲಿನ ಬ್ರಷ್ ಎಷ್ಟೋ ವಾಸಿ. ಫ್ಲೀಸಿನ ಮೇಲೆ ಉದುರಿದ ಕೂದಲನ್ನೂ ಅದು ಉಂಡೆಗಟ್ಟಿ ಎಳೆದುಕೊಂಡು ಬರುತ್ತದೆ. ಒಣಹುಲ್ಲಿನ ಕಡ್ಡಿಗಳು ಮಾತ್ರ ಯಾವ ಬ್ರಷ್‌ಗೂ ಸುಲಭವಾಗಿ ಬಗ್ಗುವುದಿಲ್ಲ. ನುಣುಪು ಮೈಯ ಫ್ಲೀಸಿನಲ್ಲಿ ಈ ಪೀಡೆ ಕಡಿಮೆ, ಉದ್ದ ರೋಮದ ಫ್ಲೀಸಿನಲ್ಲಿ ಸಹಿಸಲಾರದಷ್ಟು. ಅಂಗಡಿಯಲ್ಲಿ ಮುಟ್ಟಿದಾಗ ಹಿತವಾಗಿರುವ ಆ ದಟ್ಟ ರೋಮದ ಹಾಸನ್ನು ಅಲ್ಲೇ ಬಿಟ್ಟು ಬರುವುದು ಕ್ಷೇಮ.

ಹುಲ್ಲಿನ ಮೂಲೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಪಂಜರದ ವಾಸನೆಯ ಬಹುಪಾಲು ಅಲ್ಲಿಯೇ ತಯಾರಾಗುತ್ತದೆ. ಗಿನಿಪಿಗ್‌ನ ಆಹಾರದಲ್ಲಿ ಹೆಚ್ಚಿನ ಪಾಲು ಒಣಹುಲ್ಲು. ಅದು ತಿನ್ನುತ್ತಲೇ ಮೂತ್ರ ಮಾಡುತ್ತದೆ, ಹಿಕ್ಕೆಯನ್ನೂ ಹಾಕುತ್ತದೆ. ಫ್ಲೀಸ್ ಎಷ್ಟೇ ಉತ್ತಮವಾಗಿರಲಿ, ಆ ಒಂದು ಜಾಗದಲ್ಲಿ ಬೀಳುವ ಒದ್ದೆಯನ್ನು ತಡೆದುಕೊಳ್ಳಲಾರದು. ನಡುವಿನ ಪದರ ತುಂಬಿದ ಮೇಲೆ ಪಸೆ ಮೇಲಕ್ಕೇ ಜಿನುಗುತ್ತದೆ. ಹುಲ್ಲಿನ ಬುಟ್ಟಿಯ ಕೆಳಗೆ ತಗ್ಗಾದ ಅಂಚಿನ ಅಗಲ ಟ್ರೇ ಇಟ್ಟು, ಅದರಲ್ಲಿ ಮರದ ಪೆಲೆಟ್ ತೆಳುವಾಗಿ ಹರಡಿ, ಮೇಲೆ ಒಂದು ಪದರ ಹುಲ್ಲು ಹಾಕಿದರೆ ಬಹುಪಾಲು ಒದ್ದೆ ಅಲ್ಲಿಗೇ ಸೀಮಿತವಾಗುತ್ತದೆ, ದಿನಕ್ಕೊಮ್ಮೆ ಆ ಟ್ರೇಯನ್ನು ಮಾತ್ರ ಬರಿದು ಮಾಡಿದರಾಯಿತು. ಈ ಏರ್ಪಾಡು ಇರುವ ಪಂಜರದಲ್ಲಿ ಫ್ಲೀಸ್ ವಾರದ ಹತ್ತಿರ ತಾಳುತ್ತದೆ. ಇಲ್ಲದ ಕಡೆ ಮೂರನೆಯ ದಿನಕ್ಕೇ ಘಾಟು ಹೊಡೆಯುತ್ತದೆ. ನೀರಿನ ಬಾಟಲಿಯ ಕೆಳಗೂ ಒಂದು ಚಿಕ್ಕ ತುಂಡು ಬಟ್ಟೆ ಹಾಸಿ ಆಗಾಗ ಬದಲಿಸುವುದು ಒಳ್ಳೆಯದು, ಅದರ ಮೂತಿಯಿಂದ ತೊಟ್ಟಿಕ್ಕುವ ನೀರೇ ಎಷ್ಟೋ ಸಲ ಇಡೀ ಮೂಲೆಯನ್ನು ಒದ್ದೆ ಮಾಡಿರುತ್ತದೆ.

ಬೇರೆ ಹಾಸುಗಳ ಜೊತೆ ಹೋಲಿಸಿದರೆ, ಕಾಗದದ ಹಾಸು ಮೂತ್ರವನ್ನು ಚೆನ್ನಾಗಿ ಹೀರುತ್ತದೆ, ಕಾಲಿಗೂ ಮೆತ್ತಗೆ. ಮೊದಲ ಕೆಲವು ದಿನ ವಾಸನೆಯನ್ನು ಫ್ಲೀಸಿಗಿಂತ ಚೆನ್ನಾಗಿ ಅಡಗಿಸುವುದೂ ನಿಜ. ಆದರೆ ಅಡಗಿದ ಒದ್ದೆ ಅಲ್ಲಿಯೇ ಇರುತ್ತದೆ, ಕೆದಕಿದಾಗ ಏಳುತ್ತದೆ; ಪಂಜರ ದೊಡ್ಡದಾದಷ್ಟೂ ಖರ್ಚು ಏರುತ್ತದೆ. ಎರಡು ಗಿನಿಪಿಗ್‌ಗಳಿಗೆ ಕನಿಷ್ಠ 7.5 ಚದರಡಿ ನೆಲ ಬೇಕೆಂಬುದು ಸಾಮಾನ್ಯವಾಗಿ ಕೊಡುವ ಸಲಹೆ, ಅಷ್ಟು ನೆಲವನ್ನು ಕಾಗದದಿಂದ ಆಳವಾಗಿ ತುಂಬಿಸಿಟ್ಟರೆ ಚೀಲಗಳು ಬೇಗ ಖಾಲಿಯಾಗುತ್ತವೆ. ಮರದ ಪೆಲೆಟ್ ಅಮೋನಿಯಾ ಹಿಡಿಯುವುದರಲ್ಲಿ ಎಲ್ಲಕ್ಕಿಂತ ಮುಂದು; ಒದ್ದೆಯಾದಾಗ ಉಬ್ಬಿ ಹೊಟ್ಟಾಗಿ ಉದುರುವುದರಿಂದ ಯಾವುದನ್ನು ತೆಗೆಯಬೇಕೆಂಬುದೂ ಸ್ಪಷ್ಟ. ಒಣಗಿದ್ದಾಗ ಅದು ಕಾಲಿಗೆ ಕಲ್ಲಿನಷ್ಟು ಗಟ್ಟಿ, ಆದ್ದರಿಂದ ಇಡೀ ನೆಲಕ್ಕೆ ಹರಡುವುದು ಸಲ್ಲ. ಸೀಡರ್ ಮರದ ಹೊಟ್ಟನ್ನು ಅದರ ಸುವಾಸನೆಗಾಗಿ ಕೊಳ್ಳುವವರಿದ್ದಾರೆ. ಆ ಸುವಾಸನೆಗೆ ಕಾರಣವಾದ ಎಣ್ಣೆಗಳೇ ಉಸಿರಾಟಕ್ಕೂ ಯಕೃತ್ತಿಗೂ ಒಳ್ಳೆಯದಲ್ಲವಾದ್ದರಿಂದ ಅದನ್ನು ಮುಟ್ಟದಿರುವುದೇ ಸರಿ. ಬೆಕ್ಕಿಗೆಂದು ಮಾರುವ, ಒದ್ದೆಯಾದರೆ ಗಟ್ಟಿಯಾಗುವ ಮಣ್ಣಿನ ಲಿಟರ್ ಹೊಟ್ಟೆಗೆ ಹೋದರೆ ಕರುಳು ಕಟ್ಟಿಕೊಳ್ಳಬಹುದು, ಅದೂ ಬೇಡ.

ಒಗೆಯುವ ಕೆಲಸವನ್ನು ಮಾರುವವರು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನಿಜದಲ್ಲಿ ಹಾಸನ್ನು ಹೊರಗೆ ಕೊಡವಿ, ಕೂದಲು ಮತ್ತು ಹುಲ್ಲನ್ನು ಬ್ರಷ್‌ನಿಂದ ಎಳೆದು ತೆಗೆದು, ತಣ್ಣೀರಿನಲ್ಲಿ ಒಮ್ಮೆ ಹಿಂಡಿ, ಆಮೇಲೆ ವಾಷಿಂಗ್ ಮೆಷಿನ್‌ಗೆ ಹಾಕಬೇಕು. ಹಾಗೆಯೇ ತುರುಕಿದರೆ ಕೂದಲು ಮೆಷಿನ್‌ನ ಜಾಲರಿಯಲ್ಲಿ ಮುದ್ದೆಯಾಗಿ ಕೂರುತ್ತದೆ. ಬಾಯಿ ಕಟ್ಟುವ ಬಲೆಯ ಚೀಲದಲ್ಲಿ ಹಾಕುವುದು ಉಪಯುಕ್ತ. ಪರಿಮಳವಿಲ್ಲದ ಡಿಟರ್ಜೆಂಟ್ ಸ್ವಲ್ಪವೇ ಸಾಕು, ಕೊನೆಯ ಜಾಲಾಡುವ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಹಾಕಿದರೆ ಕ್ಷಾರದ ವಾಸನೆ ಇಳಿಯುತ್ತದೆ. ತುಂಬಾ ಬಿಸಿನೀರು ಕೆಳಗಿನ ಸೋರದ ಪದರವನ್ನು ಹಾಳುಮಾಡುವುದರಿಂದ ಲೇಬಲ್ಲಿನಲ್ಲಿ ಹೇಳಿದ ಉಷ್ಣತೆಯನ್ನು ಮೀರಬಾರದು. ಒಣಗಿಸುವುದರಲ್ಲಿ ಮಾತ್ರ ಈ ಸಾಮಾನು ತಾಳ್ಮೆ ಪರೀಕ್ಷಿಸುತ್ತದೆ: ಮೇಲಿನ ಫ್ಲೀಸ್ ಬೇಗ ಒಣಗಿ ಕೈಗೆ ಬೆಚ್ಚಗೆ ತಗುಲುತ್ತದೆ, ನಡುವಿನ ದಪ್ಪ ಪದರ ಇನ್ನೂ ಒಳಗೊಳಗೆ ಹಸಿಯಾಗಿರುತ್ತದೆ. ಅಂಚನ್ನು ಬೆರಳಿನ ನಡುವೆ ಒತ್ತಿ ನೋಡದೆ ಮಡಚಿಟ್ಟರೆ ಮುಗ್ಗಲು ಹಿಡಿಯುತ್ತದೆ, ಆ ವಾಸನೆಯನ್ನು ಪಂಜರದ ವಾಸನೆ ಎಂದು ತಪ್ಪಾಗಿ ತಿಳಿಯುವುದೂ ಉಂಟು.

ಹಾಸು ತೆಗೆದ ಮೇಲೆ ಕಾಣುವ ಪಂಜರದ ತಳವನ್ನು ಮರೆಯುವಂತಿಲ್ಲ. ಗಿನಿಪಿಗ್‌ಗಳು ದೇಹಕ್ಕೆ ಬೇಡವಾದ ಕ್ಯಾಲ್ಸಿಯಂ ಅನ್ನು ಬಹುಮಟ್ಟಿಗೆ ಮೂತ್ರದ ಮೂಲಕ ಹೊರಹಾಕುತ್ತವೆ. ಮೂತ್ರ ಕ್ಷಾರೀಯವಾಗಿರುವುದರಿಂದ ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಸುಣ್ಣ ಬಳಿದಂಥ ಬಿಳಿ ಪೊರೆಯಾಗಿ ಪ್ಲಾಸ್ಟಿಕ್ ತಳಕ್ಕೆ ಅಂಟುತ್ತದೆ. ಸಾಬೂನಿನಿಂದ ಉಜ್ಜಿದರೆ ತೋಳು ನೋಯುತ್ತದೆಯೇ ಹೊರತು ಪೊರೆ ಕದಲುವುದಿಲ್ಲ. ಬಿಳಿ ವಿನೆಗರನ್ನು ನೀರು ಬೆರೆಸದೆ ಅದರ ಮೇಲೆ ಸುರಿದರೆ ಸಣ್ಣಗೆ ಸುಯ್ ಎಂದು ನೊರೆಗುಳ್ಳೆ ಏಳುತ್ತದೆ, ಹತ್ತು ಹದಿನೈದು ನಿಮಿಷದಲ್ಲಿ ಪೊರೆ ಮೆತ್ತಗಾಗಿ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಎಬ್ಬಿಸಿದರೆ ಸಿಪ್ಪೆಯಂತೆ ಬರುತ್ತದೆ. ಆಮೇಲೆ ನೀರಿನಿಂದ ಒರೆಸಿ ಪೂರ್ತಿ ಒಣಗಿಸಬೇಕು. ಬ್ಲೀಚ್ ಬಳಸುವ ಆಸೆ ಹಲವರಿಗೆ ಬರುತ್ತದೆ. ಮೂತ್ರವಿರುವ ಕಡೆ ಬ್ಲೀಚ್ ಬಿದ್ದರೆ ಅಮೋನಿಯಾದೊಡನೆ ಸೇರಿ ಕ್ಲೋರಮೀನ್ ಅನಿಲ, ವಿನೆಗರ್ ಜೊತೆ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಎರಡೂ ಮನುಷ್ಯರಿಗೇ ಅಪಾಯಕಾರಿ. ಹಾಸಿನ ಜೊತೆಗೆ ಉಚಿತವಾಗಿ ಕೊಡುವ ಸುಗಂಧದ ಪುಡಿಯೂ ವ್ಯರ್ಥ. ಅಡಿಗೆ ಸೋಡಾ ಉದುರಿಸುವವರು ನೆನಪಿಡಬೇಕಾದದ್ದು, ಸೋಡಾ ಕ್ಷಾರ, ಅಮೋನಿಯಾವೂ ಕ್ಷಾರ. ಒಂದು ಇನ್ನೊಂದನ್ನು ತಣಿಸುವುದಿಲ್ಲ, ಧೂಳು ಮಾತ್ರ ಪ್ರಾಣಿಯ ಮೂಗಿಗೆ ಹೋಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಗಂಡು ಪ್ರಾಣಿಗಳ ಪಂಜರದಲ್ಲಿ ಒಂದು ಬಗೆಯ ಮೃಗವಾಸನೆ ಉಳಿಯುತ್ತದೆ, ಅವು ಹಿಂಭಾಗದ ಗ್ರಂಥಿಗಳಿಂದ ನೆಲಕ್ಕೆ ಗುರುತು ಹಚ್ಚುತ್ತವೆ. ಎಲ್ಲ ಹಾಸನ್ನೂ ಗುಡಿಸಲುಗಳನ್ನೂ ಒಂದೇ ದಿನ ತೊಳೆದಿಟ್ಟರೆ ಅವು ಪುನಃ ಗುರುತು ಹಚ್ಚಲು ಇನ್ನಷ್ಟು ಆತುರಪಡುತ್ತವೆ. ಮಲಗುವ ಬಟ್ಟೆಯ ಒಂದು ತುಂಡನ್ನು ಮಾತ್ರ ಮುಂದಿನ ಸರದಿಗೆ ಬಿಡುವುದು ಉತ್ತಮ. ಯಾವ ಹಾಸು ಬದಲಿಸಿದರೂ ಘಾಟು ಏಕಾಏಕಿ ಹೆಚ್ಚಿದ್ದರೆ, ಅಥವಾ ಬಿಳಿ ಹಾಸಿನ ಮೇಲೆ ಮೂತ್ರದ ಕಲೆ ಕೆಂಪಾಗಿ ಕಂಡರೆ, ಆಗ ಹುಡುಕಬೇಕಾದದ್ದು ಪಶುವೈದ್ಯರನ್ನು. ಮೂತ್ರಕೋಶದ ಸೋಂಕು ಮತ್ತು ಕಲ್ಲು ಈ ಪ್ರಾಣಿಗಳಲ್ಲಿ ಅಪರೂಪವಲ್ಲ. ತಿಳಿಬಣ್ಣದ ಫ್ಲೀಸಿನ ಪರವಾಗಿ ಹೇಳಬಹುದಾದ ಪ್ರಬಲ ಮಾತು ಇದೇ: ಕಾಗದದ ಹಾಸಿನಲ್ಲಿ ಇಂಗಿ ಮಾಯವಾಗುವ ಬಣ್ಣವನ್ನು ಅದು ತೋರಿಸಿಬಿಡುತ್ತದೆ. ಹಾಗಾಗಿ ಕಂದು, ಕಪ್ಪು, ಹೂಬಿಡಿಸಿದ ಹಾಸುಗಳನ್ನು ನಾನು ಶಿಫಾರಸು ಮಾಡುವುದಿಲ್ಲ.

ಕೊಳ್ಳುವುದಾದರೆ ಎರಡು ಜೊತೆಗಿಂತ ಕಡಿಮೆ ಕೊಳ್ಳುವುದರಲ್ಲಿ ಅರ್ಥವಿಲ್ಲ: ಒಂದು ಪಂಜರದಲ್ಲಿ, ಇನ್ನೊಂದು ಒಣಗುತ್ತಿರಬೇಕು, ಹವೆಯಲ್ಲಿ ತೇವ ಹೆಚ್ಚಿದ್ದರೆ ಮೂರು ಬೇಕಾಗುತ್ತದೆ. ಇಡೀ ತಳಕ್ಕೆ ಒಂದೇ ಹಾಸು ತರುವುದರ ಬದಲು ಎರಡು ಮೂರು ತುಂಡುಗಳಾಗಿ ಸಿಗುವುದನ್ನು ಆರಿಸಿಕೊಂಡರೆ ಹೆಚ್ಚು ಕೊಳೆಯಾದ ತುಂಡನ್ನಷ್ಟೇ ಒಗೆಯಬಹುದು. ಅಂಚಿನ ಹೊಲಿಗೆ ದುಂಡಗೆ ಮಡಚಿ, ದಾರದ ತುದಿ ಹೊರಬರದಂತೆ ಇರಬೇಕು. ಗಿನಿಪಿಗ್ ಏನನ್ನೂ ಕಚ್ಚಿ ನೋಡದೆ ಬಿಡುವುದಿಲ್ಲ, ಸಡಿಲ ದಾರ ಉಗುರಿಗೂ ಸುತ್ತಿಕೊಳ್ಳುತ್ತದೆ. ಮೊದಲು ಸವೆಯುವುದು ಕೆಳಗಿನ ಸೋರದ ಪದರ. ಒಗೆದ ಹಾಸನ್ನು ಬೆಳಕಿಗೆ ಹಿಡಿದಾಗ ಆ ಪದರ ಬಿರುಕು ಬಿಟ್ಟು ಹಪ್ಪಳಿಕೆಯಾಗಿ ಏಳುತ್ತಿದ್ದರೆ ಅದನ್ನು ಪಂಜರದ ತಳಕ್ಕೆ ಹಾಕಬೇಡಿ. ಚಿಕ್ಕ ತುಂಡುಗಳಾಗಿ ಕತ್ತರಿಸಿ, ಅಂಚು ಹೊಲಿದು, ನೀರಿನ ಬಾಟಲಿಯ ಕೆಳಗೆ ಹಾಸಲು ಬಳಸಿಕೊಳ್ಳಬಹುದು.