ಅರ್ಧ ಥೈರಾಯ್ಡ್ ತಾನೇ ಅಂತ ಸುಮ್ನೆ ಸೈನ್ ಹಾಕ್ಬೇಡಿ

ಕತ್ತಿನ ಮುಂದಿರೋ ಥೈರಾಯ್ಡ್ ಗ್ರಂಥಿಲಿ, ಬಲಗಡೆ, ಮೂರೂವರೆ ಸೆಂಟಿಮೀಟರ್ ಗಂಟು ಇತ್ತು ನಂಗೆ. ಸೂಜಿ ಚುಚ್ಚಿ ಎಫ್‌ಎನ್‌ಎಸಿ ಮಾಡಿದ್ರು, ಬೆಥೆಸ್ಡಾ 4 ಅಂತ ಬಂತು, ಅಂದ್ರೆ ಕ್ಯಾನ್ಸರ್ ಹೌದೋ ಅಲ್ವೋ ಸೂಜಿ ಟೆಸ್ಟಲ್ಲಿ ಗೊತ್ತಾಗಲ್ಲ, ಆ ಕಡೆ ಅರ್ಧ ಥೈರಾಯ್ಡ್ ಪೂರ್ತಿ ತೆಗೆದು ಬಯಾಪ್ಸಿಗೆ ಕಳಿಸ್ಬೇಕು. ಆಪರೇಷನ್ ಬೇಕಿತ್ತು, ಅದ್ರಲ್ಲಿ ತಕರಾರಿಲ್ಲ. ಆದ್ರೆ ಆಸ್ಪತ್ರೇಲಿ "ಅರ್ಧ ತಾನೇ ಮೇಡಂ, ಮೂರನೇ ದಿನ ಮನೇಲಿರ್ತೀರ" ಅಂದ್ರಲ್ಲ, ಅಷ್ಟಕ್ಕೇ ನಾನೂ ನಮ್ಮನೆಯವ್ರೂ ಫಾರಂ ಓದದೇನೇ ಸೈನ್ ಹಾಕಿಬಿಟ್ವಿ.

ಎಚ್ಚರ ಆದಾಗ ಧ್ವನಿನೇ ಇಲ್ಲ, ಬರೀ ಗಾಳಿ. ಗಂಟ್ಲಿಗೆ ಟ್ಯೂಬ್ ಹಾಕಿದ್ವಲ್ಲ ಅದಕ್ಕೆ, ವಾರದಲ್ಲಿ ಸರಿಹೋಗುತ್ತೆ ಅಂದ್ರು. ವಾರ ತಿಂಗಳಾಯ್ತು. ಮುದ್ದೆ ಸಲೀಸಾಗಿ ಇಳಿಯೋದು, ನೀರು, ತಿಳಿಸಾರು ಮಾತ್ರ ಪ್ರತಿ ಗುಟುಕಿಗೂ ನೆತ್ತಿಗೆ ಹತ್ತೋದು, ಯಾರೋ ನೆನೆಸ್ಕೋತಿದಾರೆ ಕಣೇ ಅಂತ ನಮ್ಮತ್ತೆ ತಲೆ ತಟ್ಟೋರು. ಫೋನ್ ಮಾಡಿದ್ರೆ ಆಸ್ಪತ್ರೆಯವ್ರು ಬಿಸಿನೀರು ಕುಡೀರಿ ಅನ್ನೋರು!

ಎರಡು ತಿಂಗಳಾದ್ಮೇಲೆ ನಾನೇ ಬೇರೆ ಇಎನ್‌ಟಿ ಡಾಕ್ಟ್ರ ಹತ್ರ ಹೋದೆ. ಮೂಗಲ್ಲಿ ಸಣ್ಣ ಕ್ಯಾಮೆರಾ ಬಿಟ್ಟು ಐದೇ ನಿಮಿಷದಲ್ಲಿ ಹೇಳಿದ್ರು, ಬಲಗಡೆ ವೋಕಲ್ ಕಾರ್ಡ್, ಅಂದ್ರೆ ಧ್ವನಿ ಹೊರಡಿಸೋ ತಂತು, ಅಲ್ಲಾಡ್ತಿಲ್ಲ. ಥೈರಾಯ್ಡಿನ ಬೆನ್ನಿಗೇ ಅಂಟ್ಕೊಂಡ ಹಾಗೆ ಧ್ವನಿಪೆಟ್ಟಿಗೆಗೆ ಒಂದು ನರ ಹೋಗುತ್ತಂತೆ, ರಿಕರೆಂಟ್ ಲ್ಯಾರಿಂಜಿಯಲ್ ಅಂತ ಹೆಸ್ರು, ಕತ್ತರಿಸ್ಬೇಕಂತಿಲ್ಲ, ಸ್ವಲ್ಪ ಎಳೆದ್ರೂ, ರಕ್ತ ನಿಲ್ಸೋಕೆ ಸುಡುವಾಗ ಬಿಸಿ ತಗುಲಿದ್ರೂ ಸಾಕು, ಆ ಕಡೆ ಕಾರ್ಡ್ ನಿಂತುಹೋಗುತ್ತೆ. ನರ ತುಂಡಾಗಿಲ್ದಿದ್ರೆ ಬಹಳ ಜನಕ್ಕೆ ಕೆಲವು ತಿಂಗಳಲ್ಲಿ ತಾನಾಗೇ ವಾಪಸ್ ಬರುತ್ತೆ, ಕೆಲವ್ರಿಗೆ ವರ್ಷ ಹಿಡಿಯುತ್ತೆ.

ಆಪರೇಷನ್ ಮಾಡಿದೋರ್ನ ಕೇಳಿದ್ರೆ ಏನಂದ್ರು ಗೊತ್ತಾ, "ಮೊದ್ಲೇ ಹಂಗಿತ್ತೇನೋ". ಹದಿನೈದು ವರ್ಷದಿಂದ ನಲವತ್ತು ಮಕ್ಕಳ ಮುಂದೆ ಕೂಗಿ ಕೂಗಿ ಮಗ್ಗಿ ಹೇಳಿಸಿದೋಳು ನಾನು! ಆದ್ರೆ ಆಪರೇಷನ್‌ಗೆ ಮುಂಚೆ ಸ್ಕೋಪ್, ಅಂದ್ರೆ ಆ ಮೂಗಿನ ಕ್ಯಾಮೆರಾ ಟೆಸ್ಟ್, ಮಾಡಿರ್ಲಿಲ್ಲ, ಹಂಗಾಗಿ ನನ್ನ ಹತ್ರ ತೋರ್ಸೋಕೆ ಕಾಗದ ಇಲ್ಲ. ಡಿಸ್ಚಾರ್ಜ್ ಸಮ್ಮರಿಲಿ ನರದ ಬಗ್ಗೆ ಒಂದಕ್ಷರ ಇಲ್ಲ. ಬಯಾಪ್ಸಿಲಿ ಕ್ಯಾನ್ಸರ್ ಇಲ್ಲ ಅಂತ ಬಂತು, ಆ ಖುಷಿನೂ ಜೋರಾಗಿ ಹೇಳ್ಕೊಳೋಕಾಗ್ಲಿಲ್ಲ.

ಇನ್ನೊಂದು. ಅರ್ಧ ಉಳಿದಿದೆ, ಮಾತ್ರೆ ಬೇಡ ಅಂದಿದ್ರು. ಚಳಿ, ಸುಸ್ತು, ಮಧ್ಯಾಹ್ನ ಕೂತಲ್ಲೇ ನಿದ್ದೆ, ಎಲ್ಲಾ ಬೇಜಾರಿಗೆ ಅಂದ್ಕೊಂಡಿದ್ದೆ. ನಾಲ್ಕನೇ ತಿಂಗಳು ರಕ್ತ ಟೆಸ್ಟ್ ಮಾಡ್ಸಿದ್ರೆ ಟಿಎಸ್‌ಎಚ್ 14, ಬಹಳ ಜಾಸ್ತಿ, ಅಂದ್ರೆ ಉಳಿದ ಅರ್ಧ ಥೈರಾಯ್ಡ್ ಸಾಕಷ್ಟು ಹಾರ್ಮೋನ್ ಮಾಡ್ತಿಲ್ಲ. ಅರ್ಧ ತೆಗೆಸ್ಕೊಂಡೋರಲ್ಲಿ ಸುಮಾರು ಐವರಲ್ಲಿ ಒಬ್ರಿಗೆ ಹಿಂಗಾಗುತ್ತೆ, ಆರರಿಂದ ಎಂಟು ವಾರಕ್ಕೇ ನೋಡಿಸ್ಬೇಕಿತ್ತು. ಈಗ ದಿನಾ ಬೆಳಿಗ್ಗೆ ಆ ಹಾರ್ಮೋನಿನ ಮಾತ್ರೆ, ಥೈರಾಕ್ಸಿನ್ 50 ಮೈಕ್ರೋಗ್ರಾಂ, ಖಾಲಿ ಹೊಟ್ಟೇಲಿ, ಆಮೇಲೆ ಮುಕ್ಕಾಲು ಗಂಟೆ ಕಾಫಿ ಮುಟ್ಟೋ ಹಾಗಿಲ್ಲ.

ಈಗ ಏಳನೇ ತಿಂಗಳು. ವಾಯ್ಸ್ ಥೆರಪಿ ನಡೀತಿದೆ, ಗದ್ದ ಎದೆಗೆ ತಗ್ಗಿಸಿ ನೀರು ನುಂಗೋದು ಹೇಳ್ಕೊಟ್ರು, ಅದ್ರಿಂದ ಕೆಮ್ಮು ಬಹಳ ಕಮ್ಮಿಯಾಗಿದೆ. ಸೊಂಟಕ್ಕೆ ಸ್ಪೀಕರ್ ಕಟ್ಕೊಂಡು ಪಾಠ ಮಾಡ್ತೀನಿ, ಆದ್ರೂ ಹಿಂದಿನ ಬೆಂಚಿಂದ "ಮಿಸ್, ಕೇಳಿಸ್ತಿಲ್ಲ" ಅಂತಾರೆ.

ಆಪರೇಷನ್ ಡೇಟ್ ಫಿಕ್ಸ್ ಆಗಿರೋರು ಮುಂಚೇನೇ ಸ್ಕೋಪ್ ಮಾಡಿಸಿ ರಿಪೋರ್ಟ್ ಇಟ್ಕೊಳಿ. ನರ ಗುರುತಿಸಿ ಉಳಿಸ್ತೀರಾ, ಆಪರೇಷನ್ ನಡೆಯುವಾಗ ನರ ಕೆಲ್ಸ ಮಾಡ್ತಿದೆಯಾ ಅಂತ ತೋರ್ಸೋ ನರ್ವ್ ಮಾನಿಟರ್ ಇದೆಯಾ, ತಿಂಗಳಿಗೆ ಎಷ್ಟು ಥೈರಾಯ್ಡ್ ಆಪರೇಷನ್ ಮಾಡ್ತೀರಾ ಅಂತ ನಾಚಿಕೆ ಬಿಟ್ಟು ಕೇಳಿ. ಮೊದಲ ದಿನ ಕತ್ತು ಊದಿ ಬಿಗಿದು ಉಸಿರು ಕಟ್ಟಿದ್ರೆ ಒಳಗೆ ರಕ್ತ ತುಂಬ್ಕೊಂಡಿರ್ಬಹುದು, ರಾತ್ರಿ ಎರಡು ಗಂಟೆಯಾದ್ರೂ ಸರಿ, ತಕ್ಷಣ ನರ್ಸ್‌ನ ಕರೀರಿ. ಎರಡು ವಾರ ಆದ್ರೂ ಧ್ವನಿ ಬರ್ಲಿಲ್ಲ ಅಂದ್ರೆ ಬಿಸಿನೀರು ಕುಡ್ಕೊಂಡು ಕೂರಬೇಡಿ, ಸ್ಕೋಪ್ ಮಾಡ್ಸಿ.