ಬ್ಲಾಗಿಗೆ ಸ್ವಂತ ಡೊಮೇನ್: ಬ್ಲಾಗರ್, ವರ್ಡ್‌ಪ್ರೆಸ್, ಗಿಟ್‌ಹಬ್ ಮೂರೂ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬ್ಲಾಗರ್‌ಗೆ. ಬ್ಲಾಗಿಗೆ ಸ್ವಂತ ಹೆಸರು, ಅಂದರೆ ಡೊಮೇನ್ ಬೇಕು, ಆದರೆ ಅದನ್ನು ಕೊಳ್ಳುವ ದುಡ್ಡು ಬಿಟ್ಟು ಇನ್ನೊಂದು ರೂಪಾಯಿಯೂ ಬಿಚ್ಚುವುದಿಲ್ಲ ಅನ್ನುವ ಜಾತಿ ನಾನು. ಹಾಗಂತ ಸುಮ್ನೆ ಹೇಳುತ್ತಿಲ್ಲ. ನನ್ನ ಹಕ್ಕಿ ಟಿಪ್ಪಣಿಗಳು ಬ್ಲಾಗರ್‌ನಲ್ಲಿವೆ. ಅಕ್ಕನ ಅಡುಗೆ ಬ್ಲಾಗನ್ನು ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲಿ ಕೂರಿಸಿದ್ದೂ ನಾನೇ. ಕೋಡು ಇಡುವ ತಾಣ ಗಿಟ್‌ಹಬ್‌ನವರ ಪುಟ ಸೇವೆ ಗಿಟ್‌ಹಬ್ ಪೇಜಸ್‌ಗೆ ಒಂದಿಡೀ ಭಾನುವಾರ ಕೊಟ್ಟಿದ್ದೇನೆ.

ಬ್ಲಾಗರ್‌ನಲ್ಲಿ ಡೊಮೇನ್ ಜೋಡಿಸುವುದು ಪೂರ್ತಿ ಉಚಿತ. ಆದರೆ ನನಗೆ ಎರಡು ರಾತ್ರಿ ನಿದ್ದೆ ಕೆಟ್ಟಿದ್ದೂ ಅದನ್ನು ಜೋಡಿಸುವಾಗಲೇ. ತಪ್ಪು ಬ್ಲಾಗರ್‌ನದಲ್ಲ. ಸೆಟ್ಟಿಂಗ್ಸ್‌ನಲ್ಲಿ ಡೊಮೇನ್ ಹೆಸರು ಹಾಕಿ ಸೇವ್ ಒತ್ತಿದರೆ, ಈ ಹೆಸರು ನಿಮ್ಮದೇ ಅಂತ ಖಾತ್ರಿಯಾಗಿಲ್ಲ ಎಂಬ ಎರರ್ ಬರುತ್ತದೆ. ಹೆದರಬೇಕಿಲ್ಲ, ಮದ್ದೂ ಅದರ ಜೊತೆಗೇ ಇರುತ್ತದೆ. ಎರಡು ಸಿನೇಮ್ ರೆಕಾರ್ಡ್ (ಒಂದು ಹೆಸರನ್ನು ಇನ್ನೊಂದು ಹೆಸರಿಗೆ ತೋರಿಸುವ ಸಾಲು) ಕೊಡುತ್ತದೆ. ಒಂದು ಎಲ್ಲರಿಗೂ ಒಂದೇ: ಡಬ್ಲ್ಯುಡಬ್ಲ್ಯುಡಬ್ಲ್ಯು ಅನ್ನುವ ಹೆಸರನ್ನು ಜಿಎಚ್‌ಎಸ್ ಡಾಟ್ ಗೂಗಲ್ ಡಾಟ್ ಕಾಮ್‌ಗೆ ತೋರಿಸಬೇಕು. ಇನ್ನೊಂದು ನಿಮಗೆ ಮಾತ್ರ ಕೊಡುವ ಜೋಡಿ: ಒಂದು ಚಿಕ್ಕ ಕೋಡು, ಅದು ತೋರಿಸಬೇಕಾದ ಉದ್ದನೆಯ ವಿಳಾಸ. ಈ ಎರಡು ರೆಕಾರ್ಡುಗಳನ್ನೂ ಡೊಮೇನ್ ಕೊಂಡ ಕಂಪನಿಯ ಡಿಎನ್‌ಎಸ್ ಪುಟದಲ್ಲಿ (ಹೆಸರು ಎಲ್ಲಿಗೆ ಹೋಗಬೇಕು ಅಂತ ಬರೆಯುವ ಪುಟ) ತುಂಬಬೇಕು. ಅಷ್ಟೇ ಕೆಲಸ.

ನಾನು ಎಡವಿದ್ದು ಆ ಪುಟದಲ್ಲೇ. ಹೋಸ್ಟ್ ಅನ್ನುವ ಖಾನೆಯಲ್ಲಿ ನನ್ನ ಡೊಮೇನಿನ ಹೆಸರನ್ನು ಡಬ್ಲ್ಯುಡಬ್ಲ್ಯುಡಬ್ಲ್ಯು ಸಮೇತ ಪೂರ್ತಿ ಬರೆದೆ. ಆ ಪುಟಕ್ಕೆ ಒಂದು ಅಭ್ಯಾಸ: ನೀವು ಏನೇ ಬರೆಯಿರಿ, ಕೊನೆಗೆ ಡೊಮೇನ್ ಹೆಸರನ್ನು ತಾನೇ ಅಂಟಿಸುತ್ತದೆ. ಹೀಗೆ ನನ್ನ ಹೆಸರು ಎರಡೆರಡು ಸಲ ಸೇರಿ ಉದ್ದನೆಯ ರೈಲಾಯಿತು. ಪಟ್ಟಿಯಲ್ಲಿ ಮಾತ್ರ ಅದು ಕಾಣಿಸದು! ನಾನು ಬರೆದಷ್ಟೇ ಕಾಣುತ್ತದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ "24ರಿಂದ 48 ಗಂಟೆ ಕಾಯಿರಿ ಸರ್" ಅಂದರು. ಕಾದೆ. ಮತ್ತೆ ಕೇಳಿದೆ. ಮತ್ತೆ ಅದೇ 48 ಗಂಟೆ. ತಪ್ಪು ವಿಳಾಸ ಬರೆದ ಕಾಗದ ಎಷ್ಟು ದಿನ ಕಾದರೂ ಮನೆ ಸೇರುತ್ತದೆಯೇ?

ಎರಡನೇ ರಾತ್ರಿ ಲ್ಯಾಪ್‌ಟಾಪ್ ತೆಗೆದು ಒಂದು ಹೆಸರು ಎಲ್ಲಿಗೆ ಹೋಗುತ್ತದೆ ಅಂತ ನೋಡುವ ಎನ್‌ಎಸ್‌ಲುಕಪ್ ಕಮಾಂಡಿನಲ್ಲಿ ಗೂಗಲ್‌ನ 8.8.8.8 ಡಿಎನ್‌ಎಸ್ ಸರ್ವರನ್ನೇ ಕೇಳಿದೆ. ಅಂಥ ಹೆಸರೇ ಇಲ್ಲ ಅಂತು. ಬೇಕಂತಲೇ ಡೊಮೇನನ್ನು ಎರಡು ಸಲ ಸೇರಿಸಿ ಕೇಳಿದರೆ ಪಟಕ್ಕನೆ ಉತ್ತರ! ಖಾನೆಯಲ್ಲಿ ಬರೀ ಡಬ್ಲ್ಯುಡಬ್ಲ್ಯುಡಬ್ಲ್ಯು ಉಳಿಸಿದೆ, ಇನ್ನೊಂದರಲ್ಲಿ ಬರೀ ಆ ಚಿಕ್ಕ ಕೋಡು. ಅರ್ಧ ಗಂಟೆಯಲ್ಲಿ ಬ್ಲಾಗರ್ ಒಪ್ಪಿಕೊಂಡಿತು. ಒಂದು ಮಾತು: "ಇಲ್ಲ" ಅನ್ನುವ ಉತ್ತರವನ್ನೂ ಡಿಎನ್‌ಎಸ್ ಸರ್ವರ್‌ಗಳು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತವೆ. ತಿದ್ದಿದ ತಕ್ಷಣ ಸೇವ್ ಒತ್ತುತ್ತಾ ಕೂರಬೇಡಿ, ಕಾಫಿ ಕುಡಿದು ಬನ್ನಿ.

ಡಬ್ಲ್ಯುಡಬ್ಲ್ಯುಡಬ್ಲ್ಯು ಇಲ್ಲದೆ ಟೈಪ್ ಮಾಡುವವರಿಗಾಗಿ 216.239.32.21ರಿಂದ ಶುರುವಾಗಿ, ಮೂರನೇ ಅಂಕಿ ಮಾತ್ರ 34, 36, 38 ಆಗುತ್ತಾ, ನಾಲ್ಕು ಎ ರೆಕಾರ್ಡ್ (ಹೆಸರನ್ನು ಸರ್ವರ್‌ನ ಅಂಕಿ ವಿಳಾಸಕ್ಕೆ ತೋರಿಸುವ ಸಾಲು) ಹಾಕಬೇಕು. ಕಂಪನಿಯವರು ಮೊದಲೇ ಹಾಕಿಟ್ಟಿರುವ ಪಾರ್ಕಿಂಗ್ ಪುಟದ (ಖಾಲಿ ಡೊಮೇನಿನಲ್ಲಿ ಕಾಣುವ ಪುಟ) ರೆಕಾರ್ಡನ್ನು ಅಳಿಸಿ. ಸುರಕ್ಷಿತ ಸಂಪರ್ಕಕ್ಕಾಗಿ ಎಚ್‌ಟಿಟಿಪಿಎಸ್ ಗುಂಡಿ ಒತ್ತಿ ಮಲಗಿದೆ, ಬೆಳಿಗ್ಗೆಗೆ ಬೀಗದ ಗುರುತು ಬಂದಿತ್ತು. ಹಳೆಯ ಬ್ಲಾಗ್‌ಸ್ಪಾಟ್ ಲಿಂಕುಗಳೂ ತಾವಾಗಿಯೇ ಹೊಸ ಹೆಸರಿಗೆ ತಿರುಗುತ್ತವೆ.

ವರ್ಡ್‌ಪ್ರೆಸ್ ಡಾಟ್ ಕಾಮ್ ಜೋಡಿಸುವ ದಾರಿ ಇದಕ್ಕಿಂತ ಸಲೀಸು, ಒಪ್ಪುತ್ತೇನೆ. ನೇಮ್‌ಸರ್ವರ್‌ಗಳನ್ನು (ಡೊಮೇನಿನ ರೆಕಾರ್ಡುಗಳನ್ನು ಇಟ್ಟುಕೊಳ್ಳುವ ಸರ್ವರ್‌ಗಳು) ಅವರದಕ್ಕೆ ಬದಲಾಯಿಸಿದರೆ ಮುಗಿಯಿತು. ಆದರೆ ಹಣ ಕಟ್ಟಿದ ಪ್ಲಾನ್ ಇದ್ದರೆ ಮಾತ್ರ ಬ್ಲಾಗ್ ಸ್ವಂತ ಹೆಸರಿನಲ್ಲಿ ತೆರೆದುಕೊಳ್ಳುತ್ತದೆ. ವರ್ಷದ ಪ್ಲಾನ್ ತೆಗೆದುಕೊಂಡರೆ ಮೊದಲ ವರ್ಷ ಡೊಮೇನ್ ಉಚಿತ, ಆಮೇಲೆ ಅದಕ್ಕೂ ಬೇರೆ ಕಟ್ಟಬೇಕು. ಅಕ್ಕನ ಡೊಮೇನ್ ಮೊದಲೇ ಬೇರೆ ಕಡೆ ಕೊಂಡಿದ್ದರಿಂದ ನಮಗೆ ಆ ಲಾಭವೂ ಸಿಗಲಿಲ್ಲ. ಇನ್ನೊಂದು ಎಡವಟ್ಟು ನನ್ನದೇ: ನೇಮ್‌ಸರ್ವರ್ ಬದಲಾದರೆ ಹಳೆಯ ಕಡೆ ಇದ್ದ ಎಲ್ಲಾ ರೆಕಾರ್ಡುಗಳೂ ಕೆಲಸಕ್ಕೆ ಬಾರವು. ಮೇಲ್‌ಗೆ ಬೇಕಾದ ಎಂಎಕ್ಸ್ ರೆಕಾರ್ಡ್ ಬರೆದಿಟ್ಟುಕೊಳ್ಳಲು ಮರೆತೆ. ಅಕ್ಕನ ಉಪ್ಪಿನಕಾಯಿ ಆರ್ಡರ್ ಮೇಲ್‌ಗಳು ಒಂದು ದಿನ ಬರಲೇ ಇಲ್ಲ.

ವರ್ಡ್‌ಪ್ರೆಸ್ ಗೆಲ್ಲುವುದು ಒಂದು ಕಡೆ, ಲಿಂಕಿನಲ್ಲಿ ಕನ್ನಡ ಉಳಿಯುತ್ತದೆ. ಬ್ಲಾಗರ್‌ನಲ್ಲಿ ಶೀರ್ಷಿಕೆ ಕನ್ನಡದಲ್ಲಿದ್ದರೆ ಲಿಂಕು ಬರೀ "ಬ್ಲಾಗ್-ಪೋಸ್ಟ್" ಅಂತಾಗುತ್ತದೆ, ಮುಂದಿನದಕ್ಕೆ ಒಂದು ನಂಬರ್. ನಾನು ಶೀರ್ಷಿಕೆಯನ್ನು ಮೊದಲು ಇಂಗ್ಲಿಷಿನಲ್ಲಿ ಬರೆದು, ಪ್ರಕಟಿಸಿ, ಆಮೇಲೆ ಕನ್ನಡಕ್ಕೆ ತಿರುಗಿಸುತ್ತೇನೆ. ಆದರೆ ವರ್ಡ್‌ಪ್ರೆಸ್‌ನ ಆ ಕನ್ನಡ ಲಿಂಕನ್ನು ವಾಟ್ಸಾಪಿಗೆ ಅಂಟಿಸಿ ನೋಡಿ, ಶೇಕಡಾ ಚಿಹ್ನೆಗಳ ಜಾತ್ರೆ.

ಗಿಟ್‌ಹಬ್ ಪೇಜಸ್ ಕೂಡ ಉಚಿತ, ವೇಗವಾಗಿಯೂ ಇದೆ. ಇಲ್ಲೂ ನಾಲ್ಕು ಎ ರೆಕಾರ್ಡ್, 185.199.108.153ರಿಂದ 185.199.111.153ರವರೆಗೆ. ಆದರೆ ನಾನು ಬರೆಯುವುದು ಬಸ್ಸಿನಲ್ಲಿ, ಫೋನಿನಲ್ಲಿ, ತಿಂಗಳಿಗೆ ಎರಡು ಸಲ. ಮಾರ್ಕ್‌ಡೌನ್ ಫೈಲು, ಕಮಿಟ್ಟು, ಇವೆಲ್ಲ ಕೋಡು ಬರೆಯುವವರಿಗೆ ಸರಿ. ಅಲ್ಲಿಂದ ಬ್ಲಾಗ್ ತೆಗೆದರೆ ಡಿಎನ್‌ಎಸ್ ರೆಕಾರ್ಡನ್ನೂ ತೆಗೆಯಿರಿ, ಇಲ್ಲದಿದ್ದರೆ ಬೇರೆ ಯಾರಾದರೂ ನಿಮ್ಮ ಹೆಸರಿನಲ್ಲಿ ತಮ್ಮ ಪುಟ ತೆರೆಯಬಹುದು.

ಅಕ್ಕನ ಪ್ಲಾನ್ ರಿನ್ಯೂ ಮಾಡುವ ದಿನ ಹತ್ತಿರ ಬಂದಿದೆ. ಮೊನ್ನೆ ಬಿಲ್ ನೋಡಿ ಫೋನ್ ಮಾಡಿದಳು: "ನಿಂದು ಫ್ರೀ ಅಂತೀಯಲ್ಲೋ, ನಂಗ್ಯಾಕೆ ಇಷ್ಟು ದುಡ್ಡು?" ಈ ಸಲ ಎಂಎಕ್ಸ್ ರೆಕಾರ್ಡನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ.